ಪುಟ್ಟಿಯ ಎದೆಯ ಸದ್ದು, ಫಾರ್ಮಿನ ಒಂಬತ್ತನೇ ಪ್ರಶ್ನೆ

ಮಾರ್ಚ್ ೧೧, ಮಂಗಳವಾರ

ವಿಮೆ ಫಾರ್ಮಿನ ಒಂಬತ್ತನೇ ಪ್ರಶ್ನೆ ಇನ್ನೂ ಖಾಲಿಯಿದೆ: ‘ಮಗುವಿಗೆ ಹುಟ್ಟಿನಿಂದ ಬಂದ ಕಾಯಿಲೆ ಇದೆಯೇ?’ ಪುಟ್ಟಿಯ ಎದೆಯಲ್ಲಿ ಸಣ್ಣದೊಂದು ಸದ್ದು ಕೇಳಿಸುತ್ತಿದೆ, ಸ್ಕ್ಯಾನ್ ಮಾಡಿಸಿ ನೋಡೋಣ ಎಂದು ಡಾಕ್ಟರು ಹೇಳಿ ಆರು ದಿನವಾಯಿತು.

‘ಹೌದು’ ಎಂದು ಬರೆದರೆ ಹೃದಯವೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ವಿಮೆ ಕೊಡುತ್ತಾರಂತೆ. “ಪಾಲಿಸಿ ಶುರುವಾಗ್ಲಿ, ಆಮೇಲೆ ಸ್ಕ್ಯಾನ್ ಮಾಡಿಸೋಣ. ಗೊತ್ತಿಲ್ದೇ ಇದ್ರೆ ಸುಳ್ಳು ಹೇಳಿದ ಹಾಗಾಗಲ್ಲ,” ಎಂದರು ಇವರು.

“ಸದ್ದು ಇರೋದು ಗೊತ್ತಲ್ರೀ,” ಎಂದೆ.

ಸಂಜೆ ಅಕ್ಕನಿಗೆ ಫೋನು ಮಾಡಿದೆ. ಅವಳಿರುವ ದೇಶದಲ್ಲಿ ಎಲ್ಲರ ಚಿಕಿತ್ಸೆಯೂ ಸರಕಾರದ್ದೇ. ಪ್ರಶ್ನೆಯನ್ನು ಓದಿ ಹೇಳಿದರೆ ಅವಳಿಗೆ ತಲೆಬುಡ ಅರ್ಥವಾಗಲಿಲ್ಲ.

“ಕಾಯಿಲೆ ಇದೆ ಅಂತ ತಾನೇ ಕಣೇ ಆಸ್ಪತ್ರೆಗೆ ಹೋಗೋದು? ಅದನ್ನ ಯಾಕೆ ಮುಚ್ಚಿಡ್ಬೇಕು?”

ನನಗೆ ರೇಗಿತು. “ನಿಮ್ಮಲ್ಲಾದ್ರೆ ನಾಳೇನೇ ಸ್ಕ್ಯಾನ್ ಮಾಡ್ಬಿಡ್ತಾರಾ?”

“ಅಯ್ಯೋ, ನಾಳೆ ಎಲ್ಲಿ ಬಂತು! ತುರ್ತಲ್ಲ ಅಂದ್ರೆ ಎರಡು ತಿಂಗಳಾದ್ರೂ ಕಾಯ್ಬೇಕು.”

ಎರಡು ತಿಂಗಳು! ಇಲ್ಲಿ ಪಕ್ಕದ ಬೀದಿಯಲ್ಲೇ ಸ್ಕ್ಯಾನ್ ಯಂತ್ರವಿದೆ, ಬೆಳಿಗ್ಗೆ ಹೋದರೆ ಬೆಳಿಗ್ಗೆಯೇ ಆಗುತ್ತದೆ. ಆದರೂ ನಾವು ಕಾಯುತ್ತಿದ್ದೇವೆ, ಅದೂ ಸರದಿಗಾಗಿ ಅಲ್ಲ, ಏನೂ ಗೊತ್ತಾಗದಿರಲಿ ಎಂದು. ಮಗಳ ವಿಷಯ ತಿಳಿಯದೇ ಇರಲು ತಾಯಿ ಇಷ್ಟು ಕಷ್ಟಪಡುವ ಈ ಏರ್ಪಾಡನ್ನು ಯಾರು ಕೂತು ಯೋಚಿಸಿದರೋ, ಅವರನ್ನೊಮ್ಮೆ ನೋಡಬೇಕು. ಸರದಿಯಲ್ಲಿರುವ ತಾಯಿಗೆ ಅಲ್ಲಿ ನಿದ್ದೆ ಬರುತ್ತದೆಯೇ? ಅಕ್ಕನನ್ನು ಅದನ್ನೇ ಕೇಳಲು ಮರೆತೆ.

ಸ್ಕ್ಯಾನ್ ನಾಳೆಯೇ ಮಾಡಿಸುತ್ತೇನೆ. ಒಂಬತ್ತನೆಯದಕ್ಕೆ ಅದರಲ್ಲಿ ಬಂದದ್ದನ್ನೇ ಬರೆಯುತ್ತೇನೆ. ಇವರು ಏಳುವ ಮೊದಲೇ ಪುಟ್ಟಿಗೆ ಸ್ವೆಟರು ಹಾಕಿ, ಮೆಲ್ಲಗೆ ಬಾಗಿಲು ತೆಗೆದು ಹೊರಟುಬಿಡುತ್ತೇನೆ.