ಮಗಳು ನೀರಿನಿಂದ ಮೇಲೆ ಬರುವವರೆಗೆ

ಅಕ್ಷತಾಳ ಪಪ್ಪಾ,

ನೀವು ಇದ್ದಾಗಲೂ ನಿಮ್ಮನ್ನು ಹೀಗೇ ಕರೆಯುತ್ತಿದ್ದೆ. ಈಗ ಬೇರೆ ಹೆಸರು ಹುಡುಕುವುದು ನನ್ನಿಂದಾಗದು. ಇದನ್ನು ಯಾರಿಗಾದರೂ ಹೇಳಲೇಬೇಕಿತ್ತು. ವಿಜಯಪುರಕ್ಕೆ ಫೋನ್ ಮಾಡಿ ಅವ್ವನಿಗೆ ಹೇಳಿದರೆ ಅಳುತ್ತಾಳೆ, ಹುಡುಗಿಯ ಈಜು ಬಿಡಿಸು ಎನ್ನುತ್ತಾಳೆ. ನೀವಾದರೆ ಕೊನೆಯವರೆಗೆ ಕೇಳುತ್ತೀರಿ. ಕೇಳುತ್ತೀರಲ್ಲವೇ?

ಭಾನುವಾರ ನಾನು ರೊಟ್ಟಿ ಬಡಿಯುವಾಗ ನೀವೂ ಅಕ್ಷತಾಳೂ ಅಡುಗೆಮನೆಯ ಕ್ಯಾಲೆಂಡರ್ ಮುಂದೆ ನಿಲ್ಲುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವಳು "ಸ್ಟೇಟ್ ಮೆಡಲ್ ಅಂತ ಬರೀರಿ ಪಪ್ಪಾ" ಎನ್ನುವಳು. ನೀವು ನಗುತ್ತ, "ಮೆಡಲ್ ನಿನ್ನ ಕೈಯಾಗ ಎಲ್ಲೈತಿ? ಬಾಜೂ ಲೇನಿನಾಕಿ ನಿನಗಿಂತ ಜೋರ್ ಈಜಿದ್ರ ಏನ್ ಮಾಡ್ತಿ? ಈ ವಾರ ನಿನ್ನ ಕೈಲೆ ಆಗೂದನ್ನ ಹೇಳು, ಅದನ್ನ ಬರಿಯೂಣು" ಎನ್ನುತ್ತಿದ್ದಿರಿ. ತಿರುಗುವಾಗ ಗೋಡೆಯನ್ನು ಗಟ್ಟಿಯಾಗಿ ಒದೆಯುವುದು. ಒದ್ದ ಮೇಲೆ ನೀರೊಳಗೇ ಮೀನಿನ ಹಾಗೆ ಕಾಲು ಬಡಿಯುತ್ತ, ಹೋದ ವಾರಕ್ಕಿಂತ ತುಸು ಮುಂದೆ ಹೋಗಿ ಏಳುವುದು. ಇಂಥವೇ. ಆದದ್ದಕ್ಕೆ ಹಸಿರು ಗೆರೆ. ಆಗದ್ದಕ್ಕೆ ಬೈಗುಳವಿಲ್ಲ, ಮುಂದಿನ ಭಾನುವಾರಕ್ಕೊಂದು ಬಾಣದ ಗುರುತು ಅಷ್ಟೇ. ಆ ಕೊನೆಯ ಭಾನುವಾರ ನೀವು ಮಳೆಗಾಲ ಮುಗಿಯುವವರೆಗಿನದ್ದನ್ನೆಲ್ಲ ಒಟ್ಟಿಗೇ ಬರೆದಿಟ್ಟಿರಿ. ಯಾಕೆ ಹಾಗೆ ಮಾಡಿದಿರೋ…

ನನಗೆ ನೀರೆಂದರೆ ಮೊದಲಿನಿಂದಲೂ ಅಂಜಿಕೆ, ನಿಮಗೆ ಗೊತ್ತು. ಮದುವೆಯಾದ ಹೊಸದರಲ್ಲಿ ಪಣಜಿಗೆ ಹೊರಟಾಗ ಜುವಾರಿ ನದಿಯ ಸೇತುವೆಯ ಮೇಲೆ ನಿಮ್ಮ ತೋಳು ಹಿಡಿದು, ಇಳಿಯುವವರೆಗೂ ಬಿಟ್ಟಿರಲಿಲ್ಲ. ನೀವು ಆಫೀಸಿನಲ್ಲಿ ಕುಸಿದು ಬಿದ್ದು ಮನೆಗೆ ಬಾರದೇ ಹೋದ ಮೇಲೆ, ಅದೇ ಸೇತುವೆಯನ್ನು ದಿನಾ ಬೆಳಿಗ್ಗೆ ಅವಳ ಜೊತೆ ಬಸ್ಸಿನಲ್ಲಿ ದಾಟಿದೆ. ಹದಿಮೂರು ವರ್ಷದವಳನ್ನು ಒಬ್ಬಳನ್ನೇ ಕಳಿಸುವುದು ಹೇಗೆ? ಈಜುಕೊಳದ ಕಟ್ಟೆಯ ಮೇಲೆ ನಿಮ್ಮ ಸ್ಟಾಪ್‌ವಾಚ್ ಹಿಡಿದು ಕೂರುತ್ತಿದ್ದೆ. ಸಮಯ ಕಡಿಮೆಯಾದರೆ ಒಳ್ಳೆಯದು ಅನ್ನುವುದು ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ. ಅವಳ ತಲೆ ಮುಳುಗಿದಾಗಲೆಲ್ಲ ನನ್ನ ಉಸಿರೂ ನಿಲ್ಲುತ್ತಿತ್ತು. ಮೇಲೆ ಬಂದಾಗ ನನಗೂ ಬರುತ್ತಿತ್ತು.

ಒಂದು ಬೆಳಿಗ್ಗೆ ಶಾಲೆಗೆ ರಜೆ ಇತ್ತು. ಕೋಚ್ ಫ್ರಾನ್ಸಿಸ್ ಸರ್ ಪಕ್ಕದ ಚಿಕ್ಕ ಕೊಳದಲ್ಲಿ ಸಣ್ಣ ಮಕ್ಕಳಿಗೆ ಕೈ ಬೀಸುವುದನ್ನು ಕಲಿಸುತ್ತಿದ್ದರು. ಅಕ್ಷತಾ ನೀರಿನಲ್ಲಿ ನಿಂತು ಜೋರಾಗಿ ಉಸಿರು ಎಳೆದು ಬಿಡುತ್ತ, "ಮಮ್ಮಿ, ನೀ ಬರೇ ನೋಡಕೋತ ಕೂಡು. ನಾ ಆ ಕಡಿ ಗ್ವಾಡಿ ಮುಟ್ಟಿದ ಮ್ಯಾಲೇ ಏಳಾಕಿ" ಎಂದಳು.

"ಇದು ಕ್ಯಾಲೆಂಡರಿನ್ಯಾಗ ಐತೇನು?" ಎಂದು ಕೇಳಿದೆ.

"ಐತಿ" ಎಂದಳು.

ಗೋಡೆ ಒದ್ದು ಹೋದಳು. ಏನು ಚೆಂದ ಹೋದಳು ಅಂತೀರಿ! ಒಂದು ಗುಳ್ಳೆಯೂ ಏಳಲಿಲ್ಲ. ಅರ್ಧ ದಾಟಿದಳು, ಇನ್ನೂ ಮುಂದೆ ಹೋದಳು. ಆಮೇಲೆ ಕಾಲು ಬಡಿಯುವುದು ನಿಂತಿತು. ಸುಮ್ಮನೆ ತೇಲಿಕೊಂಡು ಹೋಗುತ್ತಿದ್ದಾಳೆ ಎಂದುಕೊಂಡೆ. ಆದರೆ ಅವಳ ಹಳದಿ ಟೋಪಿ ಮೇಲೆ ಬರುವ ಬದಲು ಮೆಲ್ಲಗೆ ತಳಕ್ಕೆ ಇಳಿಯಿತು.

ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಕೂಗಿದೆ ಎಂದು ಸರ್ ಆಮೇಲೆ ಹೇಳಿದರು. ಕಟ್ಟೆಗುಂಟ ಓಡಿ ಸೀರೆಯಲ್ಲೇ ನೀರಿಗೆ ಇಳಿದುಬಿಟ್ಟಿದ್ದೆ, ರೀ. ಆ ತುದಿಯಲ್ಲಿ ನೀರು ಎದೆಮಟ್ಟ ಮಾತ್ರ ಅನ್ನುವುದು ನನಗೆ ಗೊತ್ತಿರಲಿಲ್ಲ. ಮುಳುಗಿಹೋಗುತ್ತೇನೆ ಎಂದುಕೊಂಡೇ ಇಳಿದಿದ್ದೆ. ಕಾಲಿಗೆ ನೆಲ ಸಿಕ್ಕಿತು. ಮುಖ ಮುಳುಗಿಸಿ ತಳಕ್ಕೆ ಕೈ ಹಾಕಿ ಅವಳ ತೋಳು ಹಿಡಿದು ಎತ್ತಿದೆ. ತುಟಿ ನೀಲಿಯಾಗಿತ್ತು, ಕತ್ತು ವಾಲಿತ್ತು. ಆಸ್ಪತ್ರೆಯಲ್ಲಿ ಕೊನೆಯ ಸಲ ನಿಮ್ಮ ಮುಖದ ಮೇಲೆ ನೋಡಿದ ಬಣ್ಣವೇ ಅದು. ಅಷ್ಟರಲ್ಲಿ ಸರ್ ಬಂದು ಅವಳನ್ನು ಕಟ್ಟೆಗೆ ಎಳೆದು ಮಲಗಿಸಿದರು. "ಭಿಯೆನಾಕಾ, ಅಂಜಬೇಡ್ರಿ ಭಾಭಿ" ಎನ್ನುತ್ತಲೇ ಅವಳ ಬಾಯಿಗೆ ಉಸಿರು ಊದಿದರು. ಅವಳು ಕೆಮ್ಮಿದಳು. ನೀರು ಕಾರಿದಳು. ಕಣ್ಣು ಬಿಟ್ಟು, "ಮುಟ್ಟಿದೆನಾ?" ಎಂದಳು.

ಆಸ್ಪತ್ರೆಯಲ್ಲಿ ಡಾಕ್ಟರು ಒಂದು ದಿನ ಇಟ್ಟುಕೊಂಡು ನೋಡಿದರು. ಉಸಿರನ್ನು ಅತಿಯಾಗಿ ಹಿಡಿದರೆ ಒಳ್ಳೆಯ ಈಜುಗಾರರಿಗೂ ಹೀಗೆ ನೀರೊಳಗೇ ಎಚ್ಚರ ತಪ್ಪುತ್ತದಂತೆ, ಅದು ಮೊದಲೇ ತಿಳಿಯುವುದೂ ಇಲ್ಲವಂತೆ. ಮನೆಗೆ ಬಂದು ಕ್ಯಾಲೆಂಡರ್ ನೋಡಿದೆ. 'ಇಡೀ ಕೊಳ, ಒಂದೇ ಉಸಿರು' ಎಂದಿತ್ತು. ಅದು ನಿಮ್ಮ ಅಕ್ಷರವಲ್ಲ, ಅವಳದು.

"ಪಪ್ಪಾ ಇಂಥಾದ್ದನ್ನ ಯಾವತ್ತೂ ಬರೀತಿರಲಿಲ್ಲ. ಯಾಕ ಬರದಿ?" ಎಂದು ಕೇಳಿದೆ. ನನ್ನ ದನಿ ಏರಿತ್ತು.

ಅವಳು ಹಾಸಿಗೆಯ ಅಂಚು ಕೆರೆಯತೊಡಗಿದಳು. ಆಮೇಲೆ, "ಪಪ್ಪಾ ಬರದದ್ದೆಲ್ಲಾ ಮುಗದು ಹೋತು ಮಮ್ಮಿ. ಎಲ್ಲಾದಕ್ಕೂ ಗೆರಿ ಹೊಡದೆ. ಮುಂದ ಅವರು ಏನ್ ಬರೀತಿದ್ರು, ನನಗ ಗೊತ್ತಿಲ್ಲ. ಅದಕ್ಕ ಲಗೂನ ಮುಗೀಲಾರದಂಥಾದ್ದು ಬರದೆ" ಎಂದಳು.

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಅವಳನ್ನು ಅಪ್ಪಿಕೊಂಡೆ, ಇಬ್ಬರೂ ಅತ್ತೆವು. ನೀವು ಹೋದಾಗಲೂ ಹಾಗೆ ಒಟ್ಟಿಗೆ ಕೂತು ಅತ್ತಿರಲಿಲ್ಲ. ಆದರೂ ಅಂಜಿಕೆ ಕರಗಲಿಲ್ಲ. ಅವಳ ಈಜಿನ ಚೀಲವನ್ನು ಅಟ್ಟದ ಮೇಲೆ ಎತ್ತಿಟ್ಟೆ. ಬಚ್ಚಲಲ್ಲಿ ತಂಬಿಗೆಯ ಸದ್ದು ನಿಂತರೆ ಓಡಿಹೋಗಿ ಬಾಗಿಲು ಬಡಿಯುತ್ತಿದ್ದೆ. "ಇದ್ದೇನಿ ಮಮ್ಮಿ" ಎಂದು ಒಳಗಿನಿಂದ ಕೂಗುವಳು. ಹಾಗೆ ಎಷ್ಟು ದಿನ ಬದುಕುವುದು?

ಒಂದು ಸಂಜೆ ಫ್ರಾನ್ಸಿಸ್ ಸರ್ ಮನೆಗೆ ಬಂದರು. ಇಲ್ಲಿಯವರೇ ಆದರೂ ಸಾವರ್ಡೆ ಊರಿನಲ್ಲಿ ನಮ್ಮ ಕಡೆಯವರ ನಡುವೆ ಬೆಳೆದವರಾದ್ದರಿಂದ ಕನ್ನಡ ಆಡುತ್ತಾರೆ. "ನಿಮಗ ಸಿಟ್ಟು ಇದ್ರ ನನ್ನ ಮ್ಯಾಲಿರಲಿ ಭಾಭಿ, ನೀರಿನ ಮ್ಯಾಲೆ ಬ್ಯಾಡ" ಎಂದರು. ಇನ್ನು ಮುಂದೆ ಅವರು ಪಕ್ಕದಲ್ಲಿ ನಿಲ್ಲದೆ ಅವಳು ಉಸಿರು ಹಿಡಿಯಕೂಡದು, ವಾರದ ಗುರಿಯನ್ನು ಮೂವರೂ ಕೂತೇ ಗೊತ್ತುಮಾಡಬೇಕು ಎಂದು ಮಾತಾಯಿತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಬೇಡ ಅನ್ನುವ ಮಾತು ಬಾಯಿಗೆ ಬಂದಿತ್ತು. ಅದನ್ನು ನುಂಗಿ, ಅಟ್ಟದ ಮೇಲಿನ ಚೀಲ ಇಳಿಸಿ ಅವಳ ಕೈಗೆ ಕೊಟ್ಟೆ.

ಈಗ ನಿಮಗೆ ತಿಳಿಯದ ಸುದ್ದಿ. ನಿಮ್ಮ ಮಗಳು ಮುಖ ನೀರಿಗೆ ಹಾಕಿ ಈಜುವ ಬಟರ್‌ಫ್ಲೈ ಬಿಟ್ಟು ಬೆನ್ನ ಮೇಲೆ ಈಜಲು ಶುರು ಮಾಡಿದ್ದಾಳೆ. ಸರ್ ಹೇಳಿದ್ದಲ್ಲ, ಅವಳೇ ಆರಿಸಿಕೊಂಡದ್ದು. "ನನ್ನ ಅಂಜಿಕಿ ಸಲುವಾಗಿ ಬ್ಯಾಡವ್ವ" ಎಂದೆ. "ನನಗೂ ಅಂಜಿಕಿ ಬರ್ತೈತಿ ಮಮ್ಮಿ. ಹಿಂಗ ಈಜಿದ್ರ ನನಗ ಉಸಿರು ಸಿಗ್ತೈತಿ, ನಿನಗ ನನ್ನ ಮುಖ ಕಾಣ್ತೈತಿ" ಎಂದಳು.

ಹೋದ ವಾರ ಸ್ಪರ್ಧೆಯಿತ್ತು. ಐದನೆಯವಳಾಗಿ ಬಂದಳು. ಗೋಡೆಯ ಹತ್ತಿರ ತಿರುಗುವಾಗ ಈಗಲೂ ನೀರೊಳಗೆ ಹೋಗುತ್ತಾಳೆ. ಆಗ ನನ್ನ ಜೀವ… ಇರಲಿ. ಅವಳು ಈಜುವಷ್ಟು ದಿನ ನಾನು ಆ ಕಟ್ಟೆಯ ಮೇಲೆ ಇರುತ್ತೇನೆ, ನಿಮಗೆ ಮಾತು ಕೊಡುತ್ತೇನೆ. ಸ್ಪರ್ಧೆ ಮುಗಿದು ಅವಳು ನೀರಿನಿಂದ ಎದ್ದು ಬಂದಾಗ ಬಾಯಿ ಅಗಲವಾಗಿ ತೆರೆದಿತ್ತು, ಕೆನ್ನೆ ಕೆಂಪಾಗಿತ್ತು, ಎಲ್ಲರಿಗೂ ಕೇಳಿಸುವಷ್ಟು ಜೋರಾಗಿ ಉಸಿರಾಡುತ್ತಿದ್ದಳು.

ನಿಮ್ಮ,
ಸುಮಾ