ಬೆನ್ನು ತಿರುಗಿಸಿ ನಿಂತ ಊರು

ಏರಿಕೊಪ್ಪ, ಗದಗ ಸೀಮೆ
ಫೆಬ್ರವರಿ ಮೂವತ್ತು, ೨೧೪೧

ಆಟಿಸಂ ಇರುವ ಮಗುವನ್ನು ಕರೆದುಕೊಂಡು ಊರು ಬದಲಿಸಲು ಹೊರಟಿರುವ ಹಿಂದಿನ ಕಾಲದವರಿಗೆ,

ತಾರೀಕು ಕಂಡು ನಗಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಅದು ಹೇಗೆ ಬಂತು ಎಂದು ವಿವರಿಸಲು ನನಗೆ ತಾಳ್ಮೆಯಿಲ್ಲ, ತಿಳಿದು ನಿಮಗೆ ಆಗಬೇಕಾದ್ದೂ ಇಲ್ಲ. ಈ ಕಾಗದದಲ್ಲಿ ನೀವು ಕೇಳದ ಕೆಲವು ಮಾತುಗಳು ಬರುತ್ತವೆ, ಅದಕ್ಕೆ ಕ್ಷಮೆ ಇರಲಿ. ಬರವಣಿಗೆ ಒರಟಾಗಿದ್ದರೆ ಅದಕ್ಕೆ ಕ್ಷಮೆ ಕೇಳುವುದಿಲ್ಲ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಹೇಳಬೇಕಾದ್ದನ್ನು ನೇರ ಹೇಳುತ್ತೇನೆ.

ನನ್ನ ಹೆಸರು ಮೈರಾ ಮೆಂಡನ್. ನಿಮ್ಮ ಕಾಲದಲ್ಲಿ ಇದು ತೊಟ್ಟಿಲ ಕೂಸುಗಳ ಹೆಸರಂತೆ. ನಮ್ಮಲ್ಲಿ ಮೈರಾ, ಕಿಯಾರಾ ಎಂದರೆ ಹಲ್ಲು ಬಿದ್ದ ಮುದುಕಿಯರು. ಮೊಮ್ಮಗಳ ಹೆಸರು ಪದ್ದು. ನಿಮ್ಮ ಅಜ್ಜಿಯರ ಹೆಸರುಗಳು ತಿರುಗಿ ಬಂದಿವೆ. ಎಪ್ಪತ್ತು ದಾಟಿದವರಿಗೆ ಹಿಂದಂಚೆ ಎಂಬ ಸವಲತ್ತು ಉಂಟು, ಅಂದರೆ ಕಳೆದ ಕಾಲಕ್ಕೆ ಒಂದೇ ಒಂದು ಕಾಗದ ಕಳಿಸಬಹುದು. ಕ್ರಿಕೆಟ್ಟಿನ ಫಲಿತಾಂಶವನ್ನೋ ಸೈಟಿನ ಬೆಲೆಯನ್ನೋ ಬರೆದರೆ ಅಂಚೆಯವರು ಕತ್ತರಿಸುತ್ತಾರೆ. ಪಕ್ಕದ ಮನೆಯ ಕಿಯಾರಕ್ಕ ತನ್ನ ಪಾಲಿನದನ್ನು ಮುತ್ತಾತನಿಗೆ ಬೈಯಲು ಖರ್ಚು ಮಾಡಿದಳು. ನಾನು ಇದಕ್ಕೆ ಖರ್ಚು ಮಾಡುತ್ತಿದ್ದೇನೆ. ಹಾಗಾಗಿ ಪೂರ್ತಿ ಓದಿ.

ನಮ್ಮ ಮೂಲ ಊರು ಹಳೆಬೆಂಗ್ರೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಮರಳಿನ ಪಟ್ಟಿ. ಹುಣ್ಣಿಮೆ ಅಮಾವಾಸ್ಯೆ ಬಂತೆಂದರೆ ಉಬ್ಬರದ ನೀರು ನೇರ ಅಡುಗೆಮನೆಗೆ. ಒಲೆಯ ಕಟ್ಟೆಯನ್ನು ಎತ್ತರಿಸಿ ಎತ್ತರಿಸಿ ಕೊನೆಗೆ ಸ್ಟೂಲಿನ ಮೇಲೆ ನಿಂತು ಮೀನುಸಾರು ಕುದಿಸುತ್ತಿದ್ದೆವು. ನಾನು ಬೀದಿಯ ನೀರೆತ್ತುವ ಪಂಪು ನಡೆಸುತ್ತಿದ್ದೆ. ನಾನು ಕಡಲಿಗೆ ಎಸೆದ ನೀರನ್ನು ಕಡಲು ತಿರುಗಿ ತಂದು ಸುರಿಯುತ್ತಿತ್ತು. ಆಯುಷ್ಯವೆಲ್ಲ ಅದೇ ಜಗಳ. ಗೆದ್ದದ್ದು ಯಾರೆಂದು ಹೇಳಬೇಕಾಗಿಲ್ಲ. ಕೊನೆಗೆ ಊರೆತ್ತು ಬಂತು. ಊರೆತ್ತು ಎಂದರೆ ಬೀದಿಗೆ ಬೀದಿಯನ್ನೇ ಬಿಚ್ಚಿ ಒಳನಾಡಿನ ಊರೊಂದಕ್ಕೆ ಸೇರಿಸುವ ಸರಕಾರದ ಕೆಲಸ. ಬಾಗಿಲು, ಕಿಟಕಿ, ಹಂಚು ಎಲ್ಲಕ್ಕೂ ಬಣ್ಣದ ಗುರುತು ಹಾಕಿ ಲಾರಿಯಲ್ಲಿ ಘಟ್ಟ ಹತ್ತಿಸುತ್ತಾರೆ. ತುಳಸಿಕಟ್ಟೆಯನ್ನೂ ಬಿಡುವುದಿಲ್ಲ. ನಮ್ಮ ಬೀದಿಯ ಪಾಲಿಗೆ ಬಂದದ್ದು ಗದಗ ಸೀಮೆಯ ಏರಿಕೊಪ್ಪ. ಅಲ್ಲಿ ಗಾಳಿಯಂತ್ರಗಳ ಸಾಲು, ಕರಿ ಮಣ್ಣು, ಜೋಳದ ರೊಟ್ಟಿ. ಮೀನು ಬೇಕೆಂದರೆ ತೊಟ್ಟಿಯಲ್ಲಿ ಸಾಕಿದ್ದು, ಅದಕ್ಕೆ ಕಡಲಿನ ರುಚಿ ಎಲ್ಲಿಂದ ಬರಬೇಕು. ಇರಲಿ, ಅದಕ್ಕೆಲ್ಲ ನಾನು ತಯಾರಿದ್ದೆ. ನನಗಿದ್ದ ಚಿಂತೆ ಪದ್ದುವಿನ ಶಾಲೆಯದು.

ಪದ್ದುವಿಗೆ ಆಗ ಒಂಬತ್ತು ವರ್ಷ. ಅವಳದ್ದು ಆಟಿಸಂ. ನಡುವೆ ಅದಕ್ಕೆ ಹತ್ತಾರು ಹೊಸ ಹೆಸರಿಟ್ಟರು, ಸುಸ್ತಾಗಿ ಹಳೆಯದಕ್ಕೇ ಬಂದರು. ಮಾತು ಕಡಿಮೆ. ಏನಾದರೂ ಬೇಕಾದರೆ ಹಿಂದಿನಿಂದ ಬಂದು ಸೆರಗಿನ ತುದಿ ಎಳೆಯುತ್ತಾಳೆ. ಯಾರಾದರೂ ಮುಖ ಕೊಟ್ಟು ನೋಡಿದರೆ ಅವಳಿಗೆ ಬಿಸಿಲು ಹೊಡೆದಂತಾಗುತ್ತದೆ. ಚಪ್ಪಾಳೆ, ಗಂಟೆ, ಕುಕ್ಕರಿನ ಸೀಟಿ ಯಾವುದೂ ಆಗುವುದಿಲ್ಲ. ಶಾಲೆಯಲ್ಲಿ ಅವಳಿಗೆ ಝುಲೇಖಾ ಇದ್ದಳು. ಝುಲೇಖಾ ನೆರಳಕ್ಕ. ಇಂಥ ಮಗುವಿನ ಜೊತೆ ನೆರಳಿನ ಹಾಗೆ ಇದ್ದು ಪಾಠ, ಊಟ, ಆಟ ಎಲ್ಲಕ್ಕೂ ದಾರಿ ಮಾಡಿಕೊಡುವ ಅಕ್ಕನಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಗಂಟೆ ಹೊಡೆಯುವ ಮುಂಚೆ ಝುಲೇಖಾ ಕೈ ಎತ್ತುತ್ತಿದ್ದಳು, ಪದ್ದು ಕಿವಿ ಮುಚ್ಚಿಕೊಳ್ಳುತ್ತಿದ್ದಳು, ಗಂಟೆ ಹೊಡೆದು ಮುಗಿಯುತ್ತಿತ್ತು. ಕೇಳಲು ಇಷ್ಟೇ. ಆದರೆ ಇದು ಕೂಡಿಬರುವ ಮೊದಲು ಪದ್ದು ಶಾಲೆಯ ಮೆಟ್ಟಿಲಲ್ಲೇ ಮಲಗಿಬಿಡುತ್ತಿದ್ದಳು, ನನ್ನ ಮಗಳು ಜಲಜ ಪಕ್ಕದಲ್ಲಿ ಕೂತು ಅಳುತ್ತಿದ್ದಳು.

ಊರೆತ್ತಿನ ಕಚೇರಿಗೆ ಹೋಗಿ, ಹೊಸ ಊರಿನಲ್ಲಿ ನೆರಳಕ್ಕ ಇದ್ದಾಳೋ ಎಂದು ಕೇಳಿದೆ. ಗುಮಾಸ್ತ ತಲೆಯೆತ್ತದೆ, "ಮೊದ್ಲು ಹೋಗಿ ಸಾಮಾನು ಇಳಿಸಿ ಅಜ್ಜಿ, ಶಾಲೆಯದ್ದೆಲ್ಲ ಆಮೇಲೆ ನೋಡುವ" ಎಂದ. "ಈ ಆಮೇಲೆ ಅನ್ನುವ ಊರು ಯಾವ ತಾಲೂಕಲ್ಲಿ ಉಂಟು ಮಾರಾಯ? ಅಲ್ಲಿಗೆ ಬಸ್ಸುಂಟಾ?" ಎಂದು ಕೇಳಿದೆ. ಸಾಲಿನಲ್ಲಿದ್ದವರು ನಕ್ಕರು, ಅವನು ನಗಲಿಲ್ಲ. ನಿಯಮ ಓದಿ ಹೇಳಿದ. ಹೊಸ ಊರಿನ ಶಾಲೆ ಇಂಥ ಮಗುವನ್ನು ಕೂಡಿನೋಟದಲ್ಲಿ ಒಪ್ಪಬೇಕು. ಕೂಡಿನೋಟ ಎಂದರೆ ಒಂದು ದಿನ ಮಗುವನ್ನು ತರಗತಿಯಲ್ಲಿ ಕೂರಿಸಿ, ಅಧಿಕಾರಿಯ ಎದುರು ಹೊಂದಿಕೆ ನೋಡುವುದು. ಹೊಂದದಿದ್ದರೆ ಮಗು ದೂರದ ಪೇಟೆಯ ವಸತಿಶಾಲೆಗೆ, ಮನೆಯವರು ಏರಿಕೊಪ್ಪಕ್ಕೆ. ಅಮ್ಮ ಒಂದು ಕಡೆ, ಮಗು ಒಂದು ಕಡೆ. ಜಲಜ ಅಂದಿನಿಂದ ಊಟ ಬಿಟ್ಟಳು. ಅಳಿಯ ಕಡಲ ನಡುವಿನ ಗಾಳಿಯಂತ್ರದಲ್ಲಿ ಕೆಲಸಕ್ಕಿದ್ದವನು, ಅವನಿಂದ ಆಗುವಂಥದ್ದೇನೂ ಇರಲಿಲ್ಲ. ನಾನು ಚೀಲ ಹೆಗಲಿಗೆ ಹಾಕಿ ಘಟ್ಟದ ರೈಲು ಹತ್ತಿದೆ.

ಏರಿಕೊಪ್ಪದ ಹೆಡ್‌ಮಾಸ್ತರು ಸಂಗನಗೌಡರು. ಹೆಗಲ ಮೇಲೊಂದು ಟವೆಲ್ಲು, ಬಾಯ್ತುಂಬ ನಗು. "ಚಿಂತಿ ಮಾಡಬ್ಯಾಡ್ರಿ ಅಜ್ಜೀ. ಊರಿಗೆ ಬಂದ ಮ್ಯಾಲ ನಮ್ಮ ಹುಡುಗೀನ ಆಕಿ" ಎಂದರು. ರೇಣವ್ವ ಎಂಬ ನೆರಳಕ್ಕನನ್ನು ಕರೆದು ತೋರಿಸಿದರು. ಬಾಗಿಲ ಬಳಿಯ ಜಾಗ, ಗಂಟೆಗೆ ಮೊದಲು ಎತ್ತುವ ಕೈ, ಗದ್ದಲ ಬೇಡ, ದಿಟ್ಟಿಸಿ ನೋಡುವುದು ಬೇಡ, ಎಲ್ಲವನ್ನೂ ಬಿಡಿಸಿ ಹೇಳಿದೆ. ಗೌಡರು ಪ್ರತಿಯೊಂದಕ್ಕೂ ತಲೆಯಾಡಿಸಿದರು. ನಮ್ಮ ಜನ ತಲೆಯಾಡಿಸಿದರೆ ಕೇಳಿಸಿತು ಎಂದರ್ಥ, ಹಾಗೇ ಮಾಡುತ್ತೇವೆ ಎಂದಲ್ಲ. ಈ ವಯಸ್ಸಿಗೂ ಅದು ನನಗೆ ಹೊಳೆಯಲಿಲ್ಲ.

ಕೂಡಿನೋಟದ ದಿನ ಪದ್ದು, ಜಲಜ, ಝುಲೇಖಾ, ನಾನು ಬಸ್ಸಿಳಿದೆವು. ಶಾಲೆಯ ಗೇಟಿಗೆ ಮಾವಿನ ತೋರಣ. ಎರಡು ಸಾಲು ಮಕ್ಕಳು. ನಮ್ಮನ್ನು ಕಂಡದ್ದೇ ಡೊಳ್ಳು ಶುರುವಾಯಿತು, ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಮೈಕಿನಲ್ಲಿ ಯಾರೋ "ಕಡಲ ಕುವರಿ ಕುಮಾರಿ ಪದ್ದು ಅವರಿಗೆ ಹಾರ್ದಿಕ ಸುಸ್ವಾಗತ" ಎಂದು ಕೂಗಿದರು. ಶಾಲು, ಹಾರ, ಹಣ್ಣಿನ ಬುಟ್ಟಿ. ನೆರಳಕ್ಕ ರೇಣವ್ವನೇ ಆರತಿ ತಟ್ಟೆ ಹಿಡಿದು ಮುಂದೆ ನಿಂತಿದ್ದಳು. ಎಷ್ಟೇ ತರಬೇತಿ ಇರಲಿ, ಆರತಿ ತಟ್ಟೆ ಕೈಗೆ ಬಂದರೆ ಎಲ್ಲ ಮರೆತುಹೋಗುತ್ತದೆ. ಝುಲೇಖಾ ಅಡ್ಡ ಬರುವಷ್ಟರಲ್ಲಿ ಗೌಡರು ಮಗುವಿನ ತಲೆಗೆ ಮೈಸೂರು ಪೇಟ ಇಟ್ಟೇಬಿಟ್ಟರು. ಪದ್ದು ಪೇಟ ಕಿತ್ತೆಸೆದು, ಗೌಡರ ಕೈ ಕಚ್ಚಿ, ಕಿರುಚುತ್ತ ಓಡಿ, ಅಂಗಳದ ಮೂಲೆಯಲ್ಲಿದ್ದ ಸಿಮೆಂಟಿನ ದೊಡ್ಡ ಪೈಪಿನೊಳಗೆ ಹೊಕ್ಕಳು. ಝುಲೇಖಾ ಪೈಪಿನ ಬಾಯಿಗೆ ಬೆನ್ನು ಕೊಟ್ಟು ಕೂತಳು. ಡೊಳ್ಳಿನವರಿಗೆ ನಿಲ್ಲಿಸಿ ಎಂದು ಹೇಳುವವರೇ ಇರಲಿಲ್ಲ, ಅವರು ಬಾರಿಸುತ್ತಲೇ ಇದ್ದರು. ನಾನೇ ಹೋಗಿ ಕೋಲು ಕಿತ್ತುಕೊಂಡೆ.

ಅಧಿಕಾರಿ ಹಾರ ಹಾಕಿಸಿಕೊಂಡೇ ಕೂತಿದ್ದ. "ಈ ಮಗು ಇಲ್ಲಿ ಹೊಂದೋದಿಲ್ಲ. ವಸತಿಶಾಲೆಯೇ ಸರಿ" ಎಂದ. ನಾನು ಅವನ ಮುಂದೆ ನಿಂತು, "ಕಿವಿಯ ಹತ್ತಿರ ಡೊಳ್ಳು ಬಾರಿಸಿ, ಗುರ್ತಿಲ್ಲದವರು ಸುತ್ತ ಮುತ್ತಿಕೊಂಡು, ತಲೆಗೆ ಎಂತದೋ ತುರುಕಿದ್ರೆ ನೀವು ಎಂತ ಮಾಡ್ತೀರಿ ಸಾರ್?" ಎಂದು ಕೇಳಿದೆ.

"ನಮಸ್ಕಾರ ಮಾಡ್ತೀನಿ" ಎಂದ.

"ಹಾಗಾದ್ರೆ ಹೊಂದದೇ ಇರುವುದು ನಿಮ್ಮ ತಲೆ, ಮಗುವಿನದ್ದಲ್ಲ" ಎಂದೆ.

ಅವನು ಎದ್ದು ಹೋಗುತ್ತಿದ್ದ. ಅಷ್ಟರಲ್ಲಿ ಗೌಡರು ಕಚ್ಚಿಸಿಕೊಂಡ ಕೈಗೆ ಟವೆಲ್ಲು ಸುತ್ತಿಕೊಂಡು ಅಡ್ಡ ಬಂದರು. ಕಣ್ಣು ಒರೆಸಿಕೊಳ್ಳುತ್ತಿದ್ದರು. "ಪ್ರೀತೀಲೆ ಮಾಡಿದ್ವಿರಿ ಅಜ್ಜೀ" ಎಂದರು. "ಪ್ರೀತಿ ಸರಿ ಮಾಸ್ಟ್ರೇ, ಅದಕ್ಕೆ ಇಷ್ಟು ಸದ್ದು ಯಾಕೆ?" ಎಂದೆ. ಗೌಡರು ಅಧಿಕಾರಿಯ ಕಡೆ ತಿರುಗಿ, "ಸಾಹೇಬ್ರ, ಹುಡುಗೀದೇನೂ ತಪ್ಪಿಲ್ಲ. ಇವರು ಎಲ್ಲಾ ಹೇಳಿ ಹೋಗಿದ್ರು, ಕೇಳದವರು ನಾವು. ಇನ್ನೊಂದ ಸಲ ನೋಡ್ರಿ" ಎಂದು ಕೈಮುಗಿದರು. ಕಚ್ಚಿಸಿಕೊಂಡವರೇ ಕೇಳಿದ ಮೇಲೆ ಅಧಿಕಾರಿಗೆ ಇಲ್ಲ ಎನ್ನಲಾಗಲಿಲ್ಲ. ಬೀದಿ ಬಿಚ್ಚುವ ಮುಂಚೆ ಇನ್ನೊಂದೇ ಕೂಡಿನೋಟ, ಅದರಾಚೆ ಮಾತಿಲ್ಲ ಎಂದು ಹೇಳಿ ಹೋದ.

ನಾನು ಊರಿಗೆ ಮರಳಲಿಲ್ಲ. ಪದ್ದು ಪೈಪಿನಿಂದ ಹೊರಬಂದ ಮೇಲೆ ಅವಳನ್ನು ಜಲಜ, ಝುಲೇಖಾರ ಜೊತೆ ಕಳಿಸಿ ಏರಿಕೊಪ್ಪದಲ್ಲೇ ಉಳಿದೆ. ಹನುಮಪ್ಪನ ಗುಡಿ ಕಟ್ಟೆಯಲ್ಲಿ ಊರು ಸೇರಿತು. ನಾನು ಒಂದೇ ಮಾತು ಹೇಳಿದೆ: ಮುಂದಿನ ಸಲ ಮಗು ಬಂದಾಗ ಯಾರೂ ಸ್ವಾಗತ ಮಾಡಬಾರದು, ಮಾತಾಡಿಸಬಾರದು, ನೋಡಲೂಬಾರದು. ಕಡಲು ಕುಡಿಯಿರಿ ಎಂದಿದ್ದರೂ ಆ ಜನ ಅಷ್ಟು ಗಾಬರಿಯಾಗುತ್ತಿರಲಿಲ್ಲ.

"ಬಂದೋರ್ನ ಮಾತಾಡಸಲಿಲ್ಲ ಅಂದ್ರ ಊರ ಮಂದಿ ಏನಂದಾರು?" ಎಂದಿತು ಒಂದು ಮುದಿ ತಲೆ.

"ಊರ ಮಂದಿ ಅಂದ್ರ ನಾವ ಅಲ್ಲೇನೋ ಮುದುಕಾ!" ಎಂದಳು ರೇಣವ್ವ.

"ಒಂದ್ ಚಹಾನಾದ್ರೂ ಕುಡೀತೀರೇನು ಅಂತ ಕೇಳಬ್ಯಾಡೇನ್ರಿ?" ಎಂದ ಚಹಾದಂಗಡಿಯ ಫಕೀರಪ್ಪ.

"ಬ್ಯಾಡ" ಎಂದಳು ರೇಣವ್ವ.

"ಕಣ್ಣಿಲೆ ಕೇಳಲೇನು?"

"ಕಣ್ಣಿಂದಂತೂ ಬೇಡವೇ ಬೇಡ" ಎಂದು ನಾನು ರೇಗಿದೆ. ಕೊನೆಗೆ ಗೌಡರೇ ಉಪಾಯ ಹೇಳಿದರು: ನೋಡಬೇಡಿ ಎಂದರೆ ಯಾರಿಂದಲೂ ಆಗುವುದಿಲ್ಲ, ಬೆನ್ನು ತಿರುಗಿಸಿ ನಿಂತರೆ ಆದೀತು. ಊರು ಅಭ್ಯಾಸಕ್ಕೆ ಇಳಿಯಿತು. ನಾನು ಬೀದಿಯಲ್ಲಿ ನಡೆಯುವುದು, ಅವರು ತಿರುಗಿ ನಿಲ್ಲುವುದು. ಮೊದಮೊದಲು ಇಣುಕಿದರು, ನಕ್ಕರು, ಬೈಸಿಕೊಂಡರು. ಮಕ್ಕಳು ಬೇಗ ಕಲಿತರು, ದೊಡ್ಡವರು ಸಾಯಿಸಿದರು.

ಎರಡನೇ ಸಲ ಪದ್ದು ಝುಲೇಖಾಳ ಸೆರಗು ಹಿಡಿದು ಬಂದಳು. ಏರಿಕೊಪ್ಪದ ಪೇಟೆಬೀದಿ ಪೂರ್ತಿ ಬೆನ್ನು. ಫಕೀರಪ್ಪ ಗೋಡೆಗೆ ಮುಖ ಮಾಡಿ ಚಹಾ ಸೋಸುತ್ತಿದ್ದ, ಅರ್ಧ ನೆಲಕ್ಕೆ. ಒಬ್ಬ ಬೇವಿನ ಮರವನ್ನು ಜನ್ಮದಲ್ಲಿ ಕಾಣದವನಂತೆ ನೋಡುತ್ತಿದ್ದ. ಪದ್ದು ಹಿತ್ತಿಲ ಗೇಟಿನಿಂದ ಒಳಗೆ ಬಂದು ಬಾಗಿಲ ಬಳಿ ಕೂತಳು. ಅಧಿಕಾರಿಯನ್ನೂ ಗೋಡೆಗೆ ಮುಖ ಮಾಡಿ ಕೂರಿಸಿದ್ದೆ. "ಹಿಂಗ್ ಕೂತ್ರೆ ನಾನು ನೋಡೋದು ಹೆಂಗೆ?" ಎಂದು ಪಿಸುಗುಟ್ಟಿದ. "ಕೇಳಿ. ಸದ್ದಿಲ್ಲ ಅಂದ್ರೆ ಎಲ್ಲ ಸರಿ ಉಂಟು" ಎಂದೆ. ಗಂಟೆಯ ಹೊತ್ತಾಯಿತು. ಝುಲೇಖಾ ಕೈ ಎತ್ತಲಿಲ್ಲ, ಬೇಕೆಂದೇ. ಅವಳ ಎದುರು ಸಾಲಿನಲ್ಲಿದ್ದ ರೇಣವ್ವ ಎತ್ತಿದಳು, ಆ ಕಡೆ ಮುಖ ಮಾಡಿಕೊಂಡೇ. ಪದ್ದು ಆ ಕೈಯನ್ನು ನೋಡಿದಳು. ಝುಲೇಖಾಳನ್ನು ನೋಡಿದಳು. ಮತ್ತೆ ಆ ಕೈಯನ್ನು ನೋಡಿ ಕಿವಿ ಮುಚ್ಚಿಕೊಂಡಳು. ಗಂಟೆ ಹೊಡೆದು ನಿಂತಿತು. ಅಧಿಕಾರಿ ಬಹಳ ಹೊತ್ತು ಕಾದು, "ಏನಾಯ್ತು?" ಎಂದ. "ಏನೂ ಆಗಲಿಲ್ಲ" ಎಂದೆ. ಅವನು ಒಪ್ಪಿಗೆ ಕೊಟ್ಟ.

ಅಲ್ಲಿಗೆ ಎಲ್ಲ ಸುಖವಾಯಿತು ಎಂದುಕೊಳ್ಳಬೇಡಿ. ಪದ್ದು ಜೋಳದ ರೊಟ್ಟಿಯನ್ನು ಬಹಳ ಕಾಲ ಮುಟ್ಟಲಿಲ್ಲ, ಗಂಜಿಯೇ ಆಗಬೇಕು. ಕಡಲಿನ ಸದ್ದಿಲ್ಲದೆ ನಿದ್ದೆ ಬರುತ್ತಿರಲಿಲ್ಲ, ಗಾಳಿಯಂತ್ರದ ಹತ್ತಿರದ ಕೋಣೆಗೆ ಮಂಚ ಹಾಕಿದೆವು. ಝುಲೇಖಾಗೆ ಬೇರೆ ಊರಿಗೆ ವರ್ಗವಾಗಿತ್ತು. ಪದ್ದು ಅವಳಿಗಾಗಿ ಬಾಗಿಲು ನೋಡುವುದನ್ನು ಬಿಡುವವರೆಗೆ ಅವಳು ಇಲ್ಲೇ ಇರಬೇಕೆಂದು ಹಟ ಹಿಡಿದೆ. ಕಚೇರಿಯವರಿಗೆ ನನ್ನ ಕಾಟ ಸಾಕಾಗಿ ಬಿಟ್ಟುಕೊಟ್ಟರು. ಹೋಗುವ ದಿನ ಝುಲೇಖಾ ಅತ್ತಳು. ಪದ್ದು ಅಳಲಿಲ್ಲ, ಅವಳ ಚೀಲದಲ್ಲಿ ತನ್ನ ಕಪ್ಪೆಚಿಪ್ಪೊಂದನ್ನು ಹಾಕಿ ಹೋಗಿ ಕೂತಳು.

ನಿಮ್ಮಲ್ಲಿ ನನ್ನದು ಎರಡು ಕೋರಿಕೆ. ಊರು ಬದಲಿಸುವವರೇ, ಶಾಲೆ ಮೊದಲು, ಸಾಮಾನು ಆಮೇಲೆ. ಯಾರಾದರೂ ಇದನ್ನು ತಿರುವುಮುರುವು ಮಾಡಿ ಹೇಳಿದರೆ ಅವರ ಮೇಜು ಬಿಟ್ಟು ಏಳಬೇಡಿ. ಹಳೆಯ ಅಕ್ಕನನ್ನು ಹೊಸ ಅಕ್ಕನ ಪಕ್ಕದಲ್ಲಿ ಸ್ವಲ್ಪ ಕಾಲವಾದರೂ ಕೂರಿಸಿ. ಇನ್ನು, ಇಂಥ ಮಗು ಬಂದು ಸೇರುವ ಊರಿನವರೇ, ನಿಮ್ಮ ಶಾಲು ಮಡಿಸಿಡಿ. ಎಷ್ಟು ದಿನ ಎಂದು ಕೇಳಬೇಡಿ. ಗೌಡರು ಇಡೀ ಮಳೆಗಾಲ ಪದ್ದು ಬರುವ ಹೊತ್ತಿಗೆ ಬೆನ್ನು ತಿರುಗಿಸಿ ನಿಂತರು. ಹೊರಗೆ ನಗುತ್ತಿದ್ದರು, ಒಳಗೆ ಅವರಿಗೆ ಆ ಪೇಟದ ನೋವು ಇತ್ತು. ದಸರಾ ರಜೆ ಕಳೆದು ಶಾಲೆ ತೆರೆದ ದಿನ ಅವರು ಹಾಗೆಯೇ ನಿಂತಿದ್ದಾಗ ಹಿಂದಿನಿಂದ ಯಾರೋ ಅವರ ಟವೆಲ್ಲಿನ ತುದಿ ಎಳೆದರು.

ಎಳೆಯುವ ತನಕ ಕಾಯಿರಿ. ಎಳೆದ ಮೇಲೆ ತಿರುಗಿ, ಮೆಲ್ಲಗೆ.

ಇಷ್ಟೇ ಹೇಳುವುದಿತ್ತು. ಗಂಜಿ ಒಲೆಯ ಮೇಲಿದೆ, ಹೋಗುತ್ತೇನೆ.

ಮೈರಾ ಮೆಂಡನ್