ಮೆಟ್ಟಿಲಿಗೆ ಕಟ್ಟಿದ ಹಗ್ಗ

ಮನೆಯಿಂದ,
ಮಾರ್ಚ್ ಹದಿನಾರು, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೋ ಇಲ್ಲವೋ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ನಿಂತಲ್ಲೇ ಬಿಸ್ಕತ್ತು ತಿಂದು ನೀರು ಕುಡಿದು ಊಟವಾಯಿತು ಅನ್ನುತ್ತೀಯೋ? ಅಮ್ಮ ಚೆನ್ನಾಗಿದ್ದಾಳೆ. ಮಂಡಿ ನೋವು ಇದ್ದದ್ದೇ. ಬಾಯಿ, ಕಿವಿ ಎರಡೂ ಚುರುಕಾಗಿವೆ. ನನ್ನ ಸೊಂಟವೂ ಹೊಲಿಗೆ ಮಿಷನ್ನೂ ಒಂದೇ ಥರ ಕಿರುಗುಟ್ಟುತ್ತಿವೆ, ಮಿಷನ್ನಿಗಾದರೂ ಎಣ್ಣೆ ಬಿಡಬಹುದು. ಫೋನು ಇರುವಾಗ ಅಕ್ಕ ಯಾಕೆ ಕಾಗದ ಬರೆದಳು ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನಾನು ಸೇತುವೆ ಅಂದ ಕೂಡಲೇ ನಿನ್ನನ್ನು ಯಾರೋ ಕರೆಯುತ್ತಾರೆ, ಗೋದಾಮಿಗೆ ಲಾರಿ ಬರುತ್ತದೆ, ಸಿಗ್ನಲ್ ಹೋಗುತ್ತದೆ. ಕಾಗದವನ್ನು ನೀನು ಹರಿದು ಹಾಕಬಹುದು, ಆದರೆ ಓದದೆ ಹರಿಯುವಷ್ಟು ಗಟ್ಟಿಗ ನೀನಲ್ಲ. ನಿನ್ನನ್ನು ಎತ್ತಿ ಆಡಿಸಿದವಳು ನಾನು, ನನಗೆ ಗೊತ್ತು.

ಸೇತುವೆ ಬಿದ್ದ ಮೇಲೆ ಇಲ್ಲಿಗೆ ಬಂದವರಿಗೇನು ಕಡಿಮೆಯೇ? ಕಂಬಳಿ ಕೊಟ್ಟು ಫೋಟೋ ತೆಗೆಸಿಕೊಂಡವರು ಬಂದ ಹಾಗೆಯೇ ಹೋದರು. ಒಂದು ಸಂಸ್ಥೆಯವರು ಮಾತ್ರ ಉಳಿದರು. ಅವರು ಕೊಡುವುದೇನೂ ಇರಲಿಲ್ಲ. ಪ್ರತಿ ಬುಧವಾರ ಸಂಜೆ ಶಾಲೆಯ ಕೋಣೆಯಲ್ಲಿ ಎಲ್ಲರೂ ಸುತ್ತ ಕೂರುವುದು, ಮಾತಾಡಬೇಕು ಅನ್ನಿಸಿದವರು ಮಾತಾಡುವುದು, ಉಳಿದವರು ಕೇಳುವುದು, ಅಷ್ಟೇ. ಮನಸ್ಸಿಗೆ ಬಿದ್ದ ಪೆಟ್ಟು ಹೀಗೆ ಮಾಯುತ್ತದೆ ಎಂದು ನಡೆಸಲು ಬಂದ ಮೇಡಂ ಹೇಳಿದರು. ಕೂತು ಅತ್ತರೆ ಹೋದವರು ಎದ್ದು ಬರುತ್ತಾರೆಯೇ ಎಂದು ನಾನು ಮೂಗು ಮುರಿದೆ. ಆದರೂ ಹೋದೆ, ಯಾರ್ಯಾರು ಬಂದಿದ್ದಾರೆ ನೋಡೋಣ ಎಂದು. ನನ್ನ ಬುದ್ಧಿ ನಿನಗೆ ತಿಳಿಯದ್ದೇ? ಕೂರಲು ಮಕ್ಕಳ ಪುಟಾಣಿ ಕುರ್ಚಿಗಳು, ಮಂಡಿ ಗದ್ದಕ್ಕೆ ತಾಗುತ್ತಿತ್ತು. ಕಣ್ಣು ಮುಚ್ಚಿ ನಿಧಾನವಾಗಿ ಉಸಿರಾಡಿ ಎಂದರು. ಕ್ಷೌರದಂಗಡಿಯವನು ಗೊರಕೆ ಹೊಡೆದ. ಅವನ ಪಕ್ಕದಲ್ಲಿದ್ದ ಅಜ್ಜಿ ಕಣ್ಣು ಮುಚ್ಚಿದರೆ ನೀರೇ ಕಾಣುತ್ತದೆ ಎಂದು ಚೀರಿದಳು. ಚಹಾದಂಗಡಿ ಅಣ್ಣ ಮಾತ್ರ ಕಣ್ಣೂ ಮುಚ್ಚಲಿಲ್ಲ, ಬಾಯೂ ಬಿಡಲಿಲ್ಲ, ನೆಲ ನೋಡುತ್ತ ಕೂತಿದ್ದರು. ಅವರ ಹೆಂಡತಿ ಆ ದಿನ ಸೇತುವೆಯ ಮೇಲಿದ್ದರು ಎಂದು ನಿನಗೆ ನಾನು ಹೇಳಬೇಕಾಗಿಲ್ಲ.

ಮುಂದಿನ ಬುಧವಾರ ನನಗೆ ಒಂದು ರಾಶಿ ಅಂಗಿಗಳಿಗೆ ಗುಂಡಿ ಹಾಕಿ ಕೊಡಬೇಕಿತ್ತು. ಚೀಲ ಅಲ್ಲಿಗೇ ಹೊತ್ತುಕೊಂಡು ಹೋದೆ. ನಾನು ಹೊಲಿಯುತ್ತಿದ್ದರೆ ಅಜ್ಜಿ ಕೈ ಚಾಚಿ ಒಂದು ಅಂಗಿ ಕೇಳಿದಳು, ಆಮೇಲೆ ಇನ್ನೊಬ್ಬರು. ಸ್ವಲ್ಪ ಹೊತ್ತಿಗೆ ಎಲ್ಲರ ಕೈಯಲ್ಲೂ ಸೂಜಿ. ನಮ್ಮವರಿಗೆ ಕೈ ಕಟ್ಟಿ ಕೂತು ಮಾತಾಡಿ ಗೊತ್ತಿಲ್ಲವಲ್ಲ, ಕೈ ಓಡುತ್ತಿದ್ದರೆ ಮಾತು ತಾನಾಗಿ ಬರುತ್ತದೆ. ಅಜ್ಜಿ ನೀರಿನಲ್ಲಿ ಹೋದ ಮೊಮ್ಮಗಳ ಚಪ್ಪಲಿ ದಡದಲ್ಲಿ ಸಿಕ್ಕಿದ್ದನ್ನು ಹೇಳಿದಳು, ಗುಂಡಿಯಿಂದ ಕಣ್ಣೆತ್ತದೆ. ಮೇಡಂಗೂ ಖುಷಿಯಾಯಿತು. ಮುಂದಿನ ವಾರ ಅವರೇ ಒಂದು ಹಿಡಿ ಸೂಜಿ ತಂದಿದ್ದರು. ಗುಂಡಿಗಳೆಲ್ಲ ಎಷ್ಟು ಸೊಟ್ಟ ಎನ್ನುತ್ತೀಯ! ಅಷ್ಟೂ ಅಂಗಿಗಳನ್ನು ಮನೆಗೆ ತಂದು ಬಿಚ್ಚಿ ಮತ್ತೆ ಹೊಲಿದೆ. ಗಿರಾಕಿಗೆ ನಮ್ಮ ದುಃಖ ಗೊತ್ತೇ?

ಆಮೇಲೆ ಮೇಡಂ, ನಾವು ಸದಾ ಇಲ್ಲಿರುವವರಲ್ಲ, ನಿಮ್ಮಲ್ಲೇ ಒಬ್ಬರು ಮುಂದೆ ನಿಂತು ನಡೆಸಬೇಕು ಎಂದರು. ಎಲ್ಲರ ಬೆರಳೂ ನನ್ನ ಕಡೆಗೆ. "ಇವಳು ಹೇಗಿದ್ರೂ ಮಾತಾಡ್ತಾಳೆ, ಮಾಡ್ಲಿ ಬಿಡಿ" ಎಂದ ಕ್ಷೌರದಂಗಡಿಯವನು. ಬೇರೆ ಕಡೆಗಳಿಂದ ಬಂದವರ ಜೊತೆ ತರಬೇತಿಗೂ ಹೋಗಿ ಬಂದೆ. ನಿನ್ನಕ್ಕ ಈಗ ನಾಯಕಿ ಕಣೋ, ನಗಬೇಡ. ನಾಯಕಿ ಎಂದರೆ ಕುರ್ಚಿ ಜೋಡಿಸುವವಳು, ಲೈಟು ಆರಿಸಿ ಬೀಗ ಹಾಕುವವಳು, ನಡುವೆ ಬಾಯಿ ಮುಚ್ಚಿಕೊಂಡು ಇರಬೇಕಾದವಳು. ಈ ಕೊನೆಯದು ಬಂತು ನೋಡು ಕುತ್ತಿಗೆಗೆ. ನನ್ನದು ದರ್ಜಿಯ ಬುದ್ಧಿ, ಇವತ್ತಿನ ಬಟ್ಟೆ ಇವತ್ತೇ ಮುಗಿಯಬೇಕು. ನಾನು ನಡೆಸಿದ ಮೊದಲ ದಿನವೇ ಎಲ್ಲರಿಂದಲೂ ಮಾತು ಬರಲೇಬೇಕು ಎಂದು ಸಾಲಾಗಿ ಕೇಳುತ್ತ ಹೋದೆ. ಚಹಾದಣ್ಣನ ಸರದಿ ಬಂದಾಗ "ಹೇಳ್ಬಿಡಿ ಅಣ್ಣಾ, ಹಗುರಾಗತ್ತೆ" ಎಂದೆ. ಅವರು ಸೂಜಿಯನ್ನು ಅಂಗಿಗೆ ಚುಚ್ಚಿ, ಅಂಗಿಯನ್ನು ನೀಟಾಗಿ ಮಡಿಸಿ ಕುರ್ಚಿಯ ಮೇಲಿಟ್ಟು, ಹೊರಟುಹೋದರು. ದಾರವನ್ನು ಜಗ್ಗಿ ಎಳೆದರೆ ಬಟ್ಟೆ ಸುಕ್ಕಾಗುತ್ತದೆ ಎಂದು ಕಲಿಯಲು ಬಂದ ಹುಡುಗಿಯರಿಗೆಲ್ಲ ಬೈಯುವ ನನಗೆ ಅದು ಹೊಳೆಯಲಿಲ್ಲ.

ಮುಂದಿನ ವಾರ ಅವರು ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಅಂಗಡಿಗೆ ಹೋದರೆ ಚಹಾ ಕೊಟ್ಟು ಮುಖ ತಿರುಗಿಸುತ್ತಿದ್ದರು. ಗಾಯದ ಮೇಲೆ ಬರೆ ಎಳೆದವಳಿಗೆ ನಾಯಕತ್ವ ಯಾಕೆ, ಬೇರೆ ಯಾರಾದರೂ ನೋಡಿಕೊಳ್ಳಲಿ ಎಂದು ಮೇಡಂಗೆ ಫೋನು ಮಾಡಿದೆ. ಸಮಾಧಾನ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು "ಅವ್ರ ಕುರ್ಚಿ ಹಾಕ್ತಿದೀರಾ?" ಎಂದು ಕೇಳಿದರು. ಇಲ್ಲ ಎಂದೆ. "ಹಾಕಿ" ಎಂದು ಫೋನು ಇಟ್ಟರು. ಸಿಟ್ಟು ಬಂತು, ಆದರೂ ಹಾಕಿದೆ. ಪ್ರತಿ ಬುಧವಾರ ಅವರ ಕುರ್ಚಿ, ಅದರ ಮೇಲೆ ಅದೇ ಅಂಗಿ, ದಾರ ಪೋಣಿಸಿದ ಸೂಜಿ. ಆ ಅಂಗಿಯ ಗಿರಾಕಿ ಬಂದು ಬಂದು ಬೈದು ಕೊನೆಗೆ ಬೇರೆ ಹೊಲಿಸಿಕೊಂಡ.

ಒಂದು ಸಂಜೆ ಅಣ್ಣ ಬಂದರು. ಕೂತರು. ಅರ್ಧ ಹಾಕಿದ್ದ ಗುಂಡಿಯನ್ನು ಮುಗಿಸಿದರು. ನಾನು ತುಟಿ ಕಚ್ಚಿಕೊಂಡು ಕೂತಿದ್ದೆ, ಹೆರಿಗೆಯಲ್ಲೂ ಅಷ್ಟು ಕಷ್ಟಪಟ್ಟಿರಲಿಲ್ಲ. ಕೊನೆಗೆ ಅವರೇ ಹೇಳಿದರು. ಆ ಬೆಳಿಗ್ಗೆ ಆಚೆ ದಡದ ಗಿರಣಿಗೆ ಚಹಾ ಕೊಂಡೊಯ್ಯಬೇಕಾಗಿದ್ದವರು ಅವರೇ ಅಂತೆ. ಗಿರಾಕಿ ಹೆಚ್ಚಿದ್ದರೆಂದು "ಇವತ್ತೊಂದಿನ ನೀನು ಹೋಗಿ ಬಾ" ಎಂದು ಹೆಂಡತಿಯ ಕೈಗೆ ಫ್ಲಾಸ್ಕು ಕೊಟ್ಟು ಕಳಿಸಿದರಂತೆ. "ಫ್ಲಾಸ್ಕು ಕೊಟ್ಟಿದ್ದು ನಾನು" ಎಂದು ಮತ್ತೆ ಮತ್ತೆ ಅದನ್ನೇ ಅಂದರು. ನಾವು ಯಾರೂ ಹಾಗನ್ನಬೇಡಿ ಎನ್ನಲಿಲ್ಲ. ಕೇಳಿದೆವು. ನನಗೆ ಅಳು ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಹೋಗುವಾಗ ಬಾಗಿಲಲ್ಲಿ ನಿಂತು ಅವರು ನನ್ನನ್ನು ಒಂದು ಮಾತು ಕೇಳಿದರು. "ನಿನ್ ತಮ್ಮ ಎಲ್ಲಿದಾನಮ್ಮ?" ನಾನು ಹೇಳಿದೆ. ಬೆಸುಗೆಯ ಕೆಲಸ ಬಿಟ್ಟು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದಾನೆ ಎಂದೂ ಹೇಳಿದೆ. ಅವರು ಚಪ್ಪಲಿ ಮೆಟ್ಟುತ್ತ, "ಅವ್ನೂ ನಾನೂ ಒಂದೇ. ನಾನು ಊರು ಬಿಡ್ಲಿಲ್ಲ, ಅಷ್ಟೇ" ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದು ಯಾರೂ ಕೂಗಿರಲೂ ಇಲ್ಲ, ನೀನೇ ಹೆಗಲು ಮುಟ್ಟಿಕೊಂಡು ಊರು ಬಿಟ್ಟೆ. ಸೇತುವೆ ಬೀಳುವ ಹಿಂದಿನ ತಿಂಗಳು ಅದರ ಕೈಹಿಡಿ ಕಂಬಿಗೆ ಬೆಸುಗೆ ಹಾಕಿದವನು ನೀನು, ನಿಜ. ಆದರೆ ಕುಸಿದದ್ದು ನೀರಿನಡಿಯ ಕಂಬ, ಬುಡದ ಮಣ್ಣು ಕೊಚ್ಚಿಹೋಗಿತ್ತು ಎಂದು ತನಿಖೆಯವರು ಓದಿ ಹೇಳಿದಾಗ ನೀನು ಇರಲಿಲ್ಲ. ಕ್ರೇನು ಆ ಕಂಬಿಯನ್ನು ಮೇಲೆತ್ತಿದಾಗಲೂ ನೀನು ಇರಲಿಲ್ಲ. ನಾನಿದ್ದೆ. ಕಬ್ಬಿಣ ಎಲ್ಲೆಲ್ಲೋ ಮುರಿದಿತ್ತು, ತಿರುಚಿತ್ತು. ನಿನ್ನ ಬೆಸುಗೆ ಒಂದೂ ಬಿಟ್ಟಿರಲಿಲ್ಲ. ಇದನ್ನು ಹೇಳಲು ಎಷ್ಟು ಸಲ ಫೋನು ಮಾಡಿದೆನೋ, ಅಷ್ಟು ಸಲವೂ ನಿನಗೆ ಲಾರಿ ಬಂತು.

ಈಗ ಹೊಸ ಸೇತುವೆ ಆಗಿದೆ. ರಿಬ್ಬನ್ ಕತ್ತರಿಸಿದರು, ಭಾಷಣ ಮಾಡಿದರು, ಹೋದರು. ಒಬ್ಬರೂ ಕಾಲಿಡಲಿಲ್ಲ. ಗಿರಣಿಯವರೆಲ್ಲ ಬಸ್ಸು ಹಿಡಿದು ಸುತ್ತು ಹಾಕಿಯೇ ಹೋಗುತ್ತಿದ್ದರು. ಒಂದು ಬುಧವಾರ ಅಜ್ಜಿ, ಒಟ್ಟಿಗೆ ಹೋಗಿ ನೋಡಿಬರೋಣ ಎಂದಳು. ಮುಂದೆ ನಿಲ್ಲಬೇಕಾದವಳು ನಾನಲ್ಲವೇ? ಮೊದಲ ಹಲಗೆಯ ಮೇಲೆ ಕಾಲಿಟ್ಟದ್ದೇ ತಡ, ನನಗೆ ಭಯ ಎಂದು ಜೋರಾಗಿಯೇ ಹೇಳಿದೆ. "ನಾಯಕೀನೇ ಹಿಂಗಂದ್ರೆ ನಮ್ ಗತಿ ಏನಮ್ಮಾ" ಎಂದು ಕ್ಷೌರದಂಗಡಿಯವನು ಹಿಂದಿನಿಂದ ನಗಿಸಿದ, ಅವನೂ ಮೆಟ್ಟಿಲು ಬಿಟ್ಟು ಮುಂದೆ ಬಂದಿರಲಿಲ್ಲ. ಆ ದಿನ ಅರ್ಧಕ್ಕೆ ಹೋಗಿ ವಾಪಸು ಬಂದೆವು. ಮುಂದಿನ ವಾರ ಆಚೆ ದಡ ಮುಟ್ಟಿದೆವು. ಅಲ್ಲಿ ಅಣ್ಣ ಫ್ಲಾಸ್ಕು ತೆಗೆದು ಎಲ್ಲರಿಗೂ ಚಹಾ ಬಗ್ಗಿಸಿದರು. ಸಕ್ಕರೆ ಮರೆತಿದ್ದರು, ಆದರೂ ಎಲ್ಲರೂ ಎರಡನೇ ಲೋಟ ಕೇಳಿದೆವು. ಈಗ ಜನ ಓಡಾಡುತ್ತಿದ್ದಾರೆ. ಅಮ್ಮನೂ ಹೋಗುತ್ತಾಳೆ. ನಮ್ಮ ಕಡೆಯ ಮೆಟ್ಟಿಲಿಗೆ ಇನ್ನೂ ಕಂಬಿ ಇಲ್ಲ, ಹಗ್ಗ ಕಟ್ಟಿದ್ದಾರೆ. ಅಮ್ಮ ಅದನ್ನು ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುವುದನ್ನು ನೋಡಿದರೆ ನನ್ನ ಜೀವ ಬಾಯಿಗೆ ಬರುತ್ತದೆ.

ಬುಧವಾರದ ಕೂಟ ನಡೆಯುತ್ತಲೇ ಇದೆ. ಮೇಡಂ ಈಗ ಬರುವುದು ಅಪರೂಪಕ್ಕೆ. ಬಂದಾಗ ಅವರಿಗೂ ಒಂದು ಅಂಗಿ, ಒಂದು ಸೂಜಿ. ಸೊಟ್ಟ ಹೊಲಿಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ಅಮ್ಮ ತಲೆ ಮುಟ್ಟಿ ಹರಸಿದ್ದಾಳೆ ಎಂದುಕೋ. ಹೊಟ್ಟೆ ತುಂಬ ಉಣ್ಣು, ಬೆಚ್ಚಗೆ ಮಲಗು.

ನಿನ್ನ ಬಾಯಿಬಡುಕಿ
ಅಕ್ಕ

ಲಕೋಟೆ ಅಂಟಿಸುವ ಮೊದಲು ಇದೊಂದು. ಮೆಟ್ಟಿಲಿಗೆ ಹಗ್ಗ ಕಟ್ಟಿರುವುದು ಕಂಬಿ ಸಿಗದೆ ಅಲ್ಲ. ಕಂಬಿ ಬಂದು ನಮ್ಮ ಹೊಲಿಗೆ ಅಂಗಡಿಯ ಹಿಂದೆ ಬಿದ್ದಿದೆ. ಎಂಜಿನಿಯರ್ ಬೇರೆ ವೆಲ್ಡರನ್ನು ಕರೆತಂದ ದಿನ ಚಹಾದಣ್ಣ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಇದನ್ನ ಅವ್ನೇ ಹಚ್ಲಿ. ಅವ್ನು ಬರೋತನಕ ಹಗ್ಗ ಇರ್ಲಿ" ಎಂದರು. ಅಜ್ಜಿ ಹೋಗಿ ಪಕ್ಕದಲ್ಲಿ ಕೂತಳು, ಆಮೇಲೆ ಬುಧವಾರದವರೆಲ್ಲ. ನಾನು ಯಾರಿಗೂ ಒಂದು ಮಾತೂ ಹೇಳಿರಲಿಲ್ಲ, ಅಮ್ಮನಾಣೆ. ಮಳೆ ಶುರುವಾಗುವವರೆಗೆ ಕಾಯುತ್ತೇನೆ ಎಂದು ಎಂಜಿನಿಯರ್ ಒಪ್ಪಿದ್ದಾರೆ. ನಿನ್ನ ಬೆಸುಗೆಯ ಮುಖವಾಡದ ಕಪ್ಪು ಗಾಜು ಒರೆಸಿಟ್ಟಿದ್ದೇನೆ. ಕೈಗವಸನ್ನು ಇಲಿ ತಿಂದಿತ್ತು, ದಪ್ಪ ಚರ್ಮದಲ್ಲಿ ಹೊಸದು ಹೊಲಿದಿದ್ದೇನೆ. ನಿನ್ನ ಕೈಯಳತೆ ನೆನಪಿನಿಂದಲೇ ಹಾಕಿದೆ, ಸರಿಯಾಯಿತೋ ಇಲ್ಲವೋ ಬಂದು ತೊಟ್ಟು ನೋಡು.